ಅಂಗನವಾಡಿ ಮಕ್ಕಳನ್ನು ಊರ ಗುಂಡುತೋಪಿಗೆ ಕರೆದೊಯ್ಯಲು ಏನೇನು ಮಾಡಬೇಕಾಯಿತು

ಮೂರರಿಂದ ಆರು ವರ್ಷದ ಮಕ್ಕಳನ್ನು ವಾರದಲ್ಲಿ ಎರಡು ಬೆಳಗ್ಗೆ ಗೋಡೆಯಾಚೆ ಕರೆದುಕೊಂಡು ಹೋಗಿ ಮರದ ಕೆಳಗೆ, ಮಣ್ಣಿನಲ್ಲಿ ಆಡಿಸುತ್ತಾ ಕಲಿಸಬೇಕು. ಹೇಳುವುದಕ್ಕೆ ಇಷ್ಟೇ. ತುಮಕೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಇದಕ್ಕಾಗಿ ಓಡಾಟ ಶುರುವಾದದ್ದು ಜೂನ್‌ನಲ್ಲಿ. ಕಾಗದಗಳೆಲ್ಲ ಕೈಗೆ ಬರುವಷ್ಟರಲ್ಲಿ ರಾಗಿ ಕಟಾವು ನಡೆದಿತ್ತು. ಯಾರೂ ಬೇಡ ಅನ್ನಲಿಲ್ಲ. ಆದರೆ ಇದಕ್ಕೆ ಅಂತ ಯಾವ ಕಚೇರಿಯಲ್ಲೂ ಸಿದ್ಧ ನಮೂನೆ ಇಲ್ಲ, ಇದು ಯಾರ ಟೇಬಲ್ಲಿಗೆ ಸೇರಿದ್ದು ಅನ್ನುವುದು ತೀರ್ಮಾನವಾಗುವುದಕ್ಕೇ ಒಂದು ಮಳೆಗಾಲ ಕಳೆಯಿತು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಟೀಚರ್‌ಗಳು ‘ಏನೇನು ಕಾಗದ ಕೊಟ್ರಿ, ಎಷ್ಟು ಖರ್ಚಾಯ್ತು’ ಅಂತ ಕೇಳುತ್ತಲೇ ಇರುವುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇವೆ. ನಾವು ಅಂದರೆ ಒಂದು ಅಂಗನವಾಡಿ ಕೇಂದ್ರದ ಟೀಚರ್, ಸಹಾಯಕಿ, ಬಾಲವಿಕಾಸ ಸಮಿತಿಯವರು ಮತ್ತು ಕೆಲವು ತಾಯಂದಿರು.

ಕಾಡು ಬೇಡ, ತೋಪು ಸಾಕು

ಮಕ್ಕಳು, ಪ್ರಕೃತಿ ಅಂದ ತಕ್ಷಣ ತುಮಕೂರಿನವರ ಬಾಯಿಗೆ ಬರುವುದು ದೇವರಾಯನದುರ್ಗ, ನಾಮದ ಚಿಲುಮೆ. ಕೋಲಾರದವರಿಗೆ ಅಂತರಗಂಗೆ, ಚಿಕ್ಕಬಳ್ಳಾಪುರದವರಿಗೆ ನಂದಿ. ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗಿ ಬರಲು ಚೆಂದ, ವಾರ ವಾರದ ಕಲಿಕೆಗೆ ಅವು ಒಗ್ಗುವುದಿಲ್ಲ. ದೇವರಾಯನದುರ್ಗಕ್ಕೆ ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ವಾಹನ ಬೇಕು, ಬಾಡಿಗೆ ಬೇಕು, ತಿರುವಿನ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಅನುಮತಿ ಇಲ್ಲದೆ ರಾಜ್ಯ ಅರಣ್ಯದೊಳಗೆ ಗುಂಪು ಕರೆದೊಯ್ಯುವಂತಿಲ್ಲ. ಕೋತಿಗಳಿಗಂತೂ ಪುಟ್ಟ ಮಗುವಿನ ಕೈಯಿಂದ ಡಬ್ಬಿ ಕಿತ್ತುಕೊಳ್ಳುವುದು ಸಲೀಸು. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಒಳ್ಳೆಯ ಕಾರ್ಯಕ್ರಮವೇ, ಆದರೆ ಅದು ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ.

ಈ ವಯಸ್ಸಿನವರಿಗೆ ಬೇಕಾದದ್ದು ನಡೆದು ಹೋಗುವಷ್ಟು ದೂರದ ಜಾಗ, ಮತ್ತು ಅದೇ ಜಾಗ ಮತ್ತೆ ಮತ್ತೆ. ಮೂರು ವರ್ಷದ ಮಗುವಿಗೆ ಅರ್ಧ ಕಿಲೋಮೀಟರ್ ನಡೆಯಲು ಇಪ್ಪತ್ತು ನಿಮಿಷ ಬೇಕು, ದಾರಿಯಲ್ಲಿ ಕರು ಸಿಕ್ಕರೆ ಅರ್ಧ ಗಂಟೆ. ಹೊಸ ಜಾಗದಲ್ಲಿ ಮೊದಮೊದಲು ಬರೀ ಓಟ, ಕಿರುಚಾಟ. ಜಾಗ ಹಳತಾದ ಮೇಲೆಯೇ ಕೂತು ನೋಡುವುದು ಶುರುವಾಗುತ್ತದೆ. ಹೆದ್ದಾರಿ, ರೈಲು ಹಳಿ ದಾಟದೆ, ಕೆರೆ ಏರಿ ಹತ್ತದೆ ತಲುಪುವ ನೆರಳಿನ ಜಾಗ ಹುಡುಕಿ. ತೆರೆದ ಬಾವಿ, ಕಲ್ಲು ಕ್ವಾರಿ ಗುಂಡಿ, ಕೃಷಿ ಹೊಂಡ ಹತ್ತಿರದಲ್ಲಿದ್ದರೆ ಎಷ್ಟೇ ಒಳ್ಳೆಯ ನೆರಳಿದ್ದರೂ ಬಿಟ್ಟುಬಿಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ ಎಲ್ಲಕ್ಕಿಂತ ಅಪಾಯ, ಅಂಚು ಜಾರುವುದರಿಂದ ಈಜು ಬಲ್ಲ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ.

ನಮಗೆ ಒದಗಿದ್ದು ಊರ ಗುಂಡುತೋಪು. ಹುಣಸೆ, ಹೊಂಗೆ, ಬೇವು, ಒಂದು ಹಳೇ ಆಲ, ಮೂಲೆಯಲ್ಲಿ ಮಾರಮ್ಮನ ಗುಡಿ. ಕಣ್ಣಿಗೆ ತೋಪು ಕಂಡರೆ ಸಾಲದು, ಪಹಣಿಯಲ್ಲಿ ಏನಂತಿದೆ ನೋಡಬೇಕು. ಸರ್ಕಾರಿ ಗುಂಡುತೋಪು ಅಂತಿದ್ದರೆ ಗ್ರಾಮ ಪಂಚಾಯಿತಿಯ ನಿರ್ಣಯ ಮಾಡಿಸಿ, ಗ್ರಾಮ ಆಡಳಿತಾಧಿಕಾರಿಗೂ ಒಂದು ಪ್ರತಿ ಕೊಡಿ. ಅರಣ್ಯ ಅಂತಿದ್ದರೆ ವಲಯ ಅರಣ್ಯಾಧಿಕಾರಿ ಕಚೇರಿ. ದೇವಸ್ಥಾನದ ಹೆಸರಿನಲ್ಲಿದ್ದರೆ ಅದರ ಸಮಿತಿ ಅಥವಾ ಮುಜರಾಯಿ. ಖಾಸಗಿ ತೋಟವಾದರೆ ಮಾಲೀಕರ ಒಪ್ಪಿಗೆ ಪತ್ರ ಸಾಕು, ಎಲ್ಲಕ್ಕಿಂತ ಬೇಗ ಆಗುವ ದಾರಿ ಇದೇ. ಶ್ರೀನಿವಾಸಪುರ, ಚಿಂತಾಮಣಿ ಕಡೆಯವರು ಮಾವಿನ ತೋಟ ಕೇಳುವುದಾದರೆ ಔಷಧಿ ಹೊಡೆಯುವ ದಿನಗಳನ್ನು ಮುಂಚೆಯೇ ಹೇಳುವಂತೆ ಮಾಲೀಕರಿಂದ ಮಾತು ತೆಗೆದುಕೊಳ್ಳಿ. ಹೂ ಬಿಟ್ಟಾಗಿನಿಂದ ಮಿಡಿ ಕಚ್ಚುವವರೆಗೆ ಸಿಂಪಡಣೆ ಜಾಸ್ತಿ, ಆ ತಿಂಗಳುಗಳಲ್ಲಿ ಮಕ್ಕಳು ಅಲ್ಲಿರಬಾರದು.

ಪಹಣಿ ತೆಗೆಸಿ ಗ್ರಾಮ ನಕ್ಷೆ ಹಿಡಿದುಕೊಂಡು ತೋಪಿನ ಸುತ್ತ ನಡೆದಾಗ ಯಾರೂ ಎಣಿಸದ ತೊಡಕು ಎದ್ದಿತು. ಪಕ್ಕದ ಹೊಲದವರು ಇದು ಒತ್ತುವರಿ ತೆರವಿನ ಸರ್ವೆ ಅಂದುಕೊಂಡರು. ಊರಲ್ಲಿ ಗುಸುಗುಸು, ಒಬ್ಬರಂತೂ ‘ಮಕ್ಳ ಹೆಸ್ರಲ್ಲಿ ಯಾರು ಅರ್ಜಿ ಹಾಕ್ಸಿದ್ದು, ಅದನ್ನ ಹೇಳಿ’ ಅಂತ ಕೇಂದ್ರದ ಬಾಗಿಲಿಗೇ ಬಂದರು. ನಕ್ಷೆ ಬಿಚ್ಚುವ ಮೊದಲು ಸುತ್ತಲಿನ ಹೊಲದವರ ಮನೆಗೆ ಹೋಗಿ ವಿಷಯ ಹೇಳಿ ಬನ್ನಿ. ಗುಡಿಯ ಪೂಜಾರಪ್ಪನನ್ನೂ ಕೇಳಿ. ಮಂಗಳವಾರ, ಶುಕ್ರವಾರ ಪೂಜೆ ಇರುವುದರಿಂದ ನಮಗೆ ಸೋಮವಾರ ಮತ್ತು ಗುರುವಾರ ಗೊತ್ತಾಯಿತು. ಗುಡಿ ಮುಂದೆ ಚಪ್ಪಲಿ ಹಾಕಬಾರದು, ಹುತ್ತದ ಹತ್ತಿರ ಹೋಗಬಾರದು ಅಂದರು. ಎರಡೂ ನಮಗೆ ಅನುಕೂಲವೇ ಆಯಿತು.

ಕಾಗದದ ಕೆಲಸ

ಬಾಲವಿಕಾಸ ಸಮಿತಿ ಸಭೆಯ ನಡಾವಳಿಯಿಂದ ಶುರು ಮಾಡಿ. ಸಮಿತಿ ಒಪ್ಪಿದ್ದು ಪುಸ್ತಕದಲ್ಲಿ ಬರೆದು ಸಹಿಯಾದ ಮೇಲೆ ವೃತ್ತದ ಮೇಲ್ವಿಚಾರಕಿಗೆ, ಅವರ ಮೂಲಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒ ಕಚೇರಿಗೆ ಅರ್ಜಿ. ಮೇಲ್ವಿಚಾರಕಿಯನ್ನು ಬಿಟ್ಟು ನೇರವಾಗಿ ಮೇಲೆ ಹೋದರೆ ಕಡತ ತಿರುಗಿ ಅವರ ಬಳಿಗೇ ಅಭಿಪ್ರಾಯಕ್ಕೆ ಬರುತ್ತದೆ. ಅರ್ಜಿಯ ವಿಷಯದ ಸಾಲಿನಲ್ಲಿ ‘ಅಂಗನವಾಡಿ ಮಕ್ಕಳ ಹೊರಾಂಗಣ ಆಟ ಮತ್ತು ಕಲಿಕಾ ಚಟುವಟಿಕೆ’ ಅಂತ ಬರೆಯಿರಿ. ಶಾಲೆ ಅಂತ ಬರೆದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ ಅನ್ನುತ್ತಾರೆ, ಅರಣ್ಯ ಅಂತ ಬರೆದರೆ ಅರಣ್ಯ ಇಲಾಖೆಗೆ.

ಅರ್ಜಿಯ ಜೊತೆ ಲಗತ್ತಿಸಿದ್ದು: ಸಮಿತಿ ನಡಾವಳಿಯ ನಕಲು, ಪಹಣಿ, ಕೇಂದ್ರದಿಂದ ತೋಪಿನವರೆಗಿನ ದಾರಿಯ ಕೈನಕ್ಷೆ, ಮಕ್ಕಳ ಪಟ್ಟಿ ಮತ್ತು ವಯಸ್ಸು, ಜೊತೆಗೆ ಹೋಗುವವರ ಆಧಾರ್ ನಕಲು, ಪೋಷಕರ ಒಪ್ಪಿಗೆ ಪತ್ರಗಳು, ತುರ್ತು ಸಂದರ್ಭದಲ್ಲಿ ಯಾರು ಏನು ಮಾಡಬೇಕು ಅನ್ನುವ ಒಂದು ಪುಟ. ಹೊರಗಿನಿಂದ ಸ್ವಯಂಸೇವಕರು ಬರುವುದಾದರೆ ಅವರಿಗೆ ಸೇವಾಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮಾಡಿಸಿ. ಕಚೇರಿ ಕೇಳದಿದ್ದರೂ ಮಾಡಿಸಿ. ಯಾವುದೇ ಕಚೇರಿಗೆ ಕಾಗದ ಕೊಟ್ಟ ಕೂಡಲೇ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಬೇಕು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಕಾಣೆಯಾಗಿ, ಗುಮಾಸ್ತರು ಬದಲಾಗಿ, ಹೊಸಬರು ‘ಇಂಥದ್ದು ಬಂದೇ ಇಲ್ವಲ್ಲಮ್ಮ’ ಅಂದಾಗ ಕೈಹಿಡಿದದ್ದು ಆ ಸೀಲೇ.

‘ಇದು ಎಲ್ಲಾದ್ರೂ ನಡೆದಿದ್ಯಾ?’ ಅನ್ನುವ ಪ್ರಶ್ನೆ ಎಲ್ಲ ಟೇಬಲ್ಲಿನಲ್ಲೂ ಬಂತು. ಅದಕ್ಕೊಂದು ಪುಟ ಸೇರಿಸಿದ ಮೇಲೆ ಕಡತ ಸ್ವಲ್ಪ ಅಲುಗಿತು. ಅದರಲ್ಲಿ ಬರೆದದ್ದು ಇಷ್ಟು. ಜರ್ಮನಿಯ ಬಾಡ್ ಬ್ಲಾಂಕನ್‌ಬುರ್ಗ್‌ನಲ್ಲಿ ಫ್ರೋಬೆಲ್ 1837ರಲ್ಲಿ ಆರಂಭಿಸಿದ ಶಿಶುವಿಹಾರದಲ್ಲೇ ಕೈತೋಟ ಕಲಿಕೆಯ ಭಾಗವಾಗಿತ್ತು. 1914ರಲ್ಲಿ ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿ ಮಾರ್ಗರೆಟ್ ಮತ್ತು ರೇಚೆಲ್ ಮೆಕ್‌ಮಿಲನ್ ಸೋದರಿಯರು ಬಡ ಮಕ್ಕಳಿಗಾಗಿ ಬಯಲು ಶಿಶುಶಾಲೆ ತೆರೆದರು. ಡೆನ್ಮಾರ್ಕ್‌ನಲ್ಲಿ 1950ರ ದಶಕದಿಂದ ಪುಟ್ಟ ಮಕ್ಕಳ ಗುಂಪುಗಳು ದಿನವಿಡೀ ಕಾಡಿನಲ್ಲೇ ಕಲಿಯುತ್ತಿವೆ. ಜರ್ಮನಿಯ ಫ್ಲೆನ್ಸ್‌ಬುರ್ಗ್‌ನ ಕಾಡು ಶಿಶುವಿಹಾರಕ್ಕೆ 1993ರಲ್ಲಿ ಸರ್ಕಾರಿ ಮಾನ್ಯತೆ ಸಿಕ್ಕಿತು. ನಮ್ಮಲ್ಲೇ ಮಹಾರಾಷ್ಟ್ರದ ಬೋರ್ಡಿ, ಕೋಸ್‌ಬಾಡ್‌ನಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಹಳ್ಳಿಯ ಮಕ್ಕಳ ಅಂಗಳದಲ್ಲೇ ಶಿಶುಶಿಕ್ಷಣ ನಡೆಸಿದರು, ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ಮಾಡಿದರು. ಅಂಗನವಾಡಿ ಅನ್ನುವ ಕಲ್ಪನೆಯ ಬೇರು ಅಲ್ಲಿದೆ. ವಿದೇಶದ ಉದಾಹರಣೆಗೆ ತಲೆಯಾಡಿಸಿದ ಅಧಿಕಾರಿಗಳು ಈ ಕೊನೆಯ ಎರಡು ಸಾಲಿಗೆ ಪೆನ್ನು ಎತ್ತಿದರು. ಕಚೇರಿಗೆ ಒಪ್ಪಿಗೆಯಾಗುವ ಇನ್ನೆರಡು ದಾಖಲೆಗಳೂ ಇವೆ: 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ, ಹಾಗೂ ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಎರಡೂ ಆಟದ ಮೂಲಕ ಕಲಿಕೆಯನ್ನೇ ಹೇಳುತ್ತವೆ.

ಪಂಚಾಯಿತಿಯಲ್ಲಿ ವಿಷಯ ಸೂಚಿಯಲ್ಲಿ ಸೇರುವವರೆಗೆ ಒಂದು ಕಾಯುವಿಕೆ, ಸೇರಿದ ಮೇಲೆ ಕೋರಂ ಇಲ್ಲದೆ ಸಭೆ ಮುಂದೂಡಿದ್ದು ಇನ್ನೊಂದು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅಂದರೆ ಪಿಡಿಒಗೆ ಅರ್ಜಿ ಕೊಡುವಾಗ ನಿರ್ಣಯದ ಕರಡನ್ನೂ ಬರೆದು ಕೊಟ್ಟರೆ ಬೇಗ. ಅದರಲ್ಲಿ ದಿನ, ಹೊತ್ತು, ಯಾವ ಕಟ್ಟಡವನ್ನೂ ಕಟ್ಟುವುದಿಲ್ಲ, ಗಿಡ ಕಡಿಯುವುದಿಲ್ಲ, ಬೆಂಕಿ ಹಾಕುವುದಿಲ್ಲ, ಜಾಗದ ಮೇಲೆ ಯಾವ ಹಕ್ಕೂ ಕೇಳುವುದಿಲ್ಲ ಅಂತ ಸ್ಪಷ್ಟವಾಗಿರಲಿ. ಸದಸ್ಯರ ಅರ್ಧ ಅನುಮಾನ ಈ ಕೊನೆಯ ಮಾತಿಗೇ ಕರಗುತ್ತದೆ.

ಬೇಸರ ಬಂದದ್ದು ನಿಜ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಕ್ಕಳು ಕಿಟಕಿ ಸರಳು ಹಿಡಿದು ಹೊರಗೆ ನೋಡುತ್ತಿದ್ದರೆ, ಕಡತ ಮಾತ್ರ ಕಪಾಟಿನಲ್ಲಿ. ಆದರೆ ಹಿಂಗಾರು ಮಳೆಯಲ್ಲಿ ತೋಪಿಗೆ ದೊಡ್ಡವರು ಮಾತ್ರ ಹೋಗಿ ನೋಡಿದ್ದು ಆಮೇಲೆ ಬಹಳ ಉಪಯೋಗಕ್ಕೆ ಬಂತು. ನೀರು ಎಲ್ಲಿ ನಿಲ್ಲುತ್ತದೆ, ಯಾವ ಕೊಂಬೆ ಗಾಳಿಗೆ ಮುರಿಯುತ್ತದೆ, ಕುರಿ ಮಂದೆ ಎಲ್ಲಿ ತಂಗುತ್ತದೆ ಅನ್ನುವುದು ಬೇಸಿಗೆಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಮಂದೆ ತಂಗಿದ ಕಡೆ ಉಣ್ಣಿ ಇರುತ್ತದೆ, ಆ ಮೂಲೆಯನ್ನು ಆಗಲೇ ಬಿಟ್ಟೆವು.

ಮನೆಯವರು

ಅಜ್ಜಿಯರ ಪ್ರಶ್ನೆ ನೇರ: ‘ಮಣ್ಣಲ್ಲಿ ಆಡ್ಸಕ್ಕೆ ಇಷ್ಟೆಲ್ಲ ಕಾಗ್ದ ಯಾಕವ್ವ? ನಾವೆಲ್ಲ ಹೊಲದ ಬದೀಲೇ ಬೆಳೆದಿದ್ದು.’ ಅಪ್ಪಂದಿರದ್ದು ಇನ್ನೊಂದು: ‘ಕಾನ್ವೆಂಟಲ್ಲಿ ಆಗ್ಲೇ ಎಬಿಸಿಡಿ ಬರೀತಾವೆ ಟೀಚರ್, ನಮ್ಮೋರು ಕಡ್ಡಿ ಆರಿಸ್ತಾ ಕೂತ್ರೆ ಹೆಂಗೆ?’ ವಾದ ಮಾಡಿ ಪ್ರಯೋಜನವಿಲ್ಲ. ಒಂದು ಬೆಳಗ್ಗೆ ಅವರನ್ನೇ ಕರೆದು, ಪಾವು, ಚಟಾಕು, ಸೇರು ಇಟ್ಟು ಮಕ್ಕಳಿಂದ ಮರಳು ಅಳೆಸಿ ತೋರಿಸಿ. ಒಂದು ಸೇರಿಗೆ ಎಷ್ಟು ಪಾವು ಅಂತ ಐದು ವರ್ಷದ ಮಗು ಸುರಿದು ಸುರಿದು ನಾಲ್ಕು ಅಂತ ಕಂಡುಕೊಂಡರೆ, ಅದು ಲೆಕ್ಕವೇ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಚಿರತೆಯ ಭಯವನ್ನು ಮಾತ್ರ ತಳ್ಳಿಹಾಕಬಾರದು. 2019-20ರಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಭಾಗದಲ್ಲಿ ಚಿರತೆ ದಾಳಿಗೆ ಮಕ್ಕಳೂ ಸತ್ತಿದ್ದಾರೆ, ಜನ ಮರೆತಿಲ್ಲ. ಗಸ್ತಿನ ಅರಣ್ಯ ಸಿಬ್ಬಂದಿಯನ್ನು ಕರೆಸಿ ಜಾಗ ತೋರಿಸಿದೆವು. ಅವರು ಹೇಳಿದಂತೆ ಅಂಚಿನ ಲಂಟಾನ ಪೊದೆ ಸವರಿಸಿ ಕಣ್ಣು ಹರಿಯುವಷ್ಟು ಬಯಲು ಮಾಡಿಸಿದ್ದು, ಕೋಳಿ ತ್ಯಾಜ್ಯ ಸುರಿಯುವುದನ್ನು ಪಂಚಾಯಿತಿಯಿಂದ ನಿಲ್ಲಿಸಿದ್ದು, ಬಿಸಿಲೇರಿದ ಮೇಲೆಯೇ ಹೋಗಿ ಮಧ್ಯಾಹ್ನದೊಳಗೆ ಬರುವುದು ನಿಯಮವಾಯಿತು. ಕೋಳಿ ತ್ಯಾಜ್ಯಕ್ಕೆ ನಾಯಿ ಬರುತ್ತವೆ, ನಾಯಿಗೆ ಚಿರತೆ ಬರುತ್ತದೆ. ಹತ್ತಿರದಲ್ಲಿ ಹೆಜ್ಜೆ ಕಂಡರೆ ಆ ವಾರ ತೋಪು ಬಂದ್.

ಒಪ್ಪಿಗೆ ಪತ್ರದಲ್ಲಿ ಉಬ್ಬಸ, ಫಿಟ್ಸ್, ಅಲರ್ಜಿ, ಎರಡು ಫೋನ್ ನಂಬರ್, ಮಗುವನ್ನು ಯಾರು ಕರೆದೊಯ್ಯಬಹುದು, ಫೋಟೋ ತೆಗೆಯಬಹುದೇ ಅನ್ನುವುದನ್ನು ಕೇಳಿ. ತಾಯಿ ಕಾರ್ಡ್ ತರಿಸಿ ಡಿಪಿಟಿ ಬೂಸ್ಟರ್ ಆಗಿದೆಯೇ ನೋಡಿ. 16ರಿಂದ 24 ತಿಂಗಳಿಗೊಂದು, 5ರಿಂದ 6 ವರ್ಷಕ್ಕೊಂದು. ಧನುರ್ವಾಯು ರಕ್ಷಣೆ ಅದರಲ್ಲೇ ಇದೆ. ಜಂತುಹುಳು ಮಾತ್ರೆಯನ್ನೂ ತಪ್ಪಿಸಬೇಡಿ, ಸಾಮಾನ್ಯವಾಗಿ ಫೆಬ್ರುವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಕೊಡುತ್ತಾರೆ. ಯಾರ ಮನೆ ಮಗು ಯಾರ ಜೊತೆ ನೀರು ಕುಡಿಯುತ್ತದೆ ಅನ್ನುವ ಮಾತೂ ಒಂದು ಕಡೆಯಿಂದ ಬಂತು. ಕೇಂದ್ರದಲ್ಲಿ ಒಂದೇ ಪಾತ್ರೆಯ ಊಟ, ತೋಪಿನಲ್ಲೂ ಒಂದೇ ಕ್ಯಾನಿನ ನೀರು ಅಂತ ಟೀಚರ್ ಅಂದರು, ಅಲ್ಲಿಗೆ ಮುಗಿಯಿತು.

ನೆಲ ನೋಡುವುದು

ಮಕ್ಕಳು ಬರುವ ಒಂದು ಗಂಟೆ ಮುಂಚೆ ಒಬ್ಬರು ಹೋಗಿ ನೆಲ ನೋಡಲೇಬೇಕು, ಪ್ರತಿ ಸಲವೂ. ಹಾವು ಚೇಳಿಗಿಂತ ಹೆಚ್ಚು ಕಾಟ ಕೊಟ್ಟದ್ದು ಒಡೆದ ಬಾಟಲಿ. ಭಾನುವಾರ ರಾತ್ರಿ ಕುಡಿಯಲು ಕೂರುವ ಜಾಗ ಅದೇ, ಸೋಮವಾರ ಬೆಳಗ್ಗೆ ಗಾಜು. ರೇಕ್‌ನಲ್ಲಿ ಎಳೆದು ಗುಡಿಸಿ, ಚೂರುಗಳನ್ನು ದಪ್ಪ ಡಬ್ಬಿಗೆ ಹಾಕಿ. ಸೂರ್ಯ ಓರೆಯಾಗಿರುವಾಗ ನೋಡಿದರೆ ಚೂರು ಮಿನುಗುತ್ತದೆ, ನೆತ್ತಿಯ ಬಿಸಿಲಲ್ಲಿ ಕಾಣುವುದಿಲ್ಲ.

ಆಮೇಲೆ ತಲೆಯೆತ್ತಿ ಮರ ನೋಡಿ. ಒಣಕೊಂಬೆ, ಕಣಜದ ಗೂಡು, ಎಲೆ ಹೊಲಿದ ಕೆಂಜಿಗದ ಗೂಡು, ಎಲ್ಲಕ್ಕಿಂತ ಮುಖ್ಯವಾಗಿ ಹೆಜ್ಜೇನು. ಹೆಜ್ಜೇನು ಊರೂರು ಅಲೆಯುವ ಜಾತಿ, ಹೋದ ವಾರ ಇಲ್ಲದ ಹುಟ್ಟು ಈ ವಾರ ಆಲದಲ್ಲಿ ತೂಗುತ್ತಿರಬಹುದು. ಹೊಂಗೆ ಹೂ ಬಿಡುವ ಕಾಲದಲ್ಲಿ ಇನ್ನೂ ಜಾಗ್ರತೆ. ಹುಟ್ಟು ಕಂಡರೆ ಓಡಿಸಲು ಹೋಗದೆ ಜಾಗವನ್ನೇ ಬಿಡಿ. ತರಗೆಲೆಗೆ ಬೆಂಕಿ ಇಡಬೇಡಿ, ಹೊಗೆಗೆ ಅವು ಏಳುತ್ತವೆ.

ಗಿಡಗಳಲ್ಲಿ ಕಿತ್ತುಹಾಕಬೇಕಾದ್ದು, ದೂರವಿಡಬೇಕಾದ್ದು ನಮ್ಮ ಬಯಲುಸೀಮೆಯಲ್ಲಿ ಇವು: ಕಾಂಗ್ರೆಸ್ ಗಿಡ, ತುರಚೆ, ಉಮ್ಮತ್ತಿ, ಕಣಗಿಲೆ, ಹರಳು, ಎಕ್ಕ, ಗುಲಗಂಜಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ತುಂಬ ನೀರು ಹಾಕಿ ತೊಳೆದು ಆಸ್ಪತ್ರೆಗೇ ಹೋಗಬೇಕು. ಗುಲಗಂಜಿಯ ಕೆಂಪು-ಕಪ್ಪು ಬೀಜ ಮಕ್ಕಳ ಕಣ್ಣಿಗೆ ಮಣಿಯಂತೆ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಹಸಿ ನೆಲದಲ್ಲಿ ಬೇರು ಸಮೇತ ಕೀಳಿ.

ಕಲ್ಲು ಎತ್ತುವುದನ್ನು ದೊಡ್ಡವರೂ ಕಲಿಯಬೇಕು: ಆಚೆ ಅಂಚು ಹಿಡಿದು ನಮ್ಮ ಕಡೆಗೆ ವಾಲಿಸಿದರೆ ಕೆಳಗಿರುವ ಚೇಳೋ ಜರಿಯೋ ಆಚೆಗೆ ಓಡುತ್ತದೆ. ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಾಟಿ ಔಷಧಿಗೆ ಹೋಗಬೇಡಿ. ಕಾಲು ಅಲುಗದಂತೆ ದಬ್ಬೆ ಕಟ್ಟಿ, ಮಗುವನ್ನು ನಡೆಸದೆ 108ಕ್ಕೆ ಅಥವಾ ಸಿದ್ಧವಿರುವ ಗಾಡಿಗೆ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಅಂತ ಮೊದಲೇ ಹೋಗಿ ಕೇಳಿ ಬರೆದಿಟ್ಟುಕೊಳ್ಳಿ, ಎಲ್ಲ ಪ್ರಾಥಮಿಕ ಕೇಂದ್ರಗಳಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ. ಕಂಬಳಿಹುಳು ತಾಗಿದರೆ ಉಜ್ಜದೆ ಸೆಲ್ಲೋಟೇಪ್ ಅಂಟಿಸಿ ಎಳೆದರೆ ಕೂದಲು ಬರುತ್ತದೆ.

ಖರ್ಚು

ಹದಿನಾರು ಮಕ್ಕಳ ಗುಂಪಿಗೆ ಶುರುವಿನಲ್ಲಿ ಆದದ್ದು ಒಂಬತ್ತು ಸಾವಿರದ ಆಸುಪಾಸು. 18ಕ್ಕೆ 12 ಅಡಿಯ ಟಾರ್ಪಾಲು, ನೈಲಾನ್ ಹಗ್ಗ, ನಲ್ಲಿ ಇರುವ 20 ಲೀಟರ್ ಕ್ಯಾನು, ಎರಡು ಬಕೆಟ್, ಎಂಟು ಕುರುಪಿ, ನಾಲ್ಕು ಭೂತಗನ್ನಡಿ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಪೊದೆ ಸವರಲು ಎರಡು ಆಳು ಕೂಲಿ, ಜೆರಾಕ್ಸ್. ಇದರಲ್ಲಿ ಜೆರಾಕ್ಸ್ ಮತ್ತು ಬಸ್ ಚಾರ್ಜಿನದೇ ಎದ್ದು ಕಾಣುವ ಪಾಲು. ಆಮೇಲೆ ತಿಂಗಳಿಗೆ ಸೋಪು, ಬಾಳೆಹಣ್ಣು, ಬ್ಯಾಂಡೇಜು ಅಂತ ಸಾವಿರದೊಳಗೆ. ಅಂಗಡಿಯಲ್ಲಿ ಸಿಗುವ ‘ನೇಚರ್ ಕಿಟ್’, ಪ್ಲಾಸ್ಟಿಕ್ ಗುದ್ದಲಿ ಬೇಡ, ನಮ್ಮ ಕೆಮ್ಮಣ್ಣು ಒಣಗಿದರೆ ಅವು ಮೊದಲ ದಿನವೇ ಮುರಿಯುತ್ತವೆ. ಹಳೇ ಮೊರ, ಜರಡಿ, ಮಂಕರಿ, ಕರಟ, ಸೌಟು ಮನೆಮನೆಯಿಂದ ಬಂದವು.

ಒಂದು ಹಳೇ ಸೀರೆಯನ್ನೂ ತೆಗೆದುಕೊಂಡು ಹೋಗಿ. ಎರಡು ಮರದ ನಡುವೆ ಕಟ್ಟಿದರೆ ಶೌಚದ ಮರೆ. ಅರ್ಧ ಅಡಿ ಗುಂಡಿ, ಪಕ್ಕದಲ್ಲಿ ಸಡಿಲ ಮಣ್ಣು, ಒಂದು ಮಗ್ಗು ನೀರು, ಸೋಪು, ಎರಡು ಮೂರು ಬದಲಿ ಚಡ್ಡಿ. ಇದನ್ನು ಯೋಚಿಸದೆ ಹೋದರೆ ಒಂದು ಮಗುವಿನ ಅವಸರಕ್ಕೆ ಇಡೀ ಗುಂಪು ವಾಪಸ್ ಬರಬೇಕಾಗುತ್ತದೆ.

ಶುರುವಾದ ಮೇಲೆ

ಐದಾರು ಮಕ್ಕಳಿಗೆ ಒಬ್ಬ ದೊಡ್ಡವರು. ಎಷ್ಟೇ ಚಿಕ್ಕ ಗುಂಪಾದರೂ ಇಬ್ಬರಿಗಿಂತ ಕಡಿಮೆ ಬೇಡ, ಒಬ್ಬರು ಗಾಯಗೊಂಡ ಮಗುವಿನ ಜೊತೆ ಹೋದರೆ ಉಳಿದವರ ಜೊತೆ ಇನ್ನೊಬ್ಬರಿರಬೇಕು. ಟೀಚರ್ ತೋಪಿಗೆ ಬಂದರೆ ಸಹಾಯಕಿ ಕೇಂದ್ರದಲ್ಲೇ ಉಳಿದು ಅಡುಗೆ ಮತ್ತು ಬಾರದ ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಆದ್ದರಿಂದ ತಾಯಂದಿರ ಪಾಳಿ ಪಟ್ಟಿ ತಿಂಗಳ ಮೊದಲೇ ಗೋಡೆಗೆ ಅಂಟಿಸಿ. ಅಂಗನವಾಡಿಯ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಹಾಜರಿಯನ್ನು ಕೇಂದ್ರದಲ್ಲೇ ಹಾಕಿ ಹೊರಡಬೇಕು. ನೆಟ್‌ವರ್ಕ್ ಸಿಗದ ದಿನ ಮಕ್ಕಳು ಚಪ್ಪಲಿ ಹಾಕಿಕೊಂಡು ಸಾಲಾಗಿ ನಿಂತೇ ಇರುತ್ತಾರೆ.

ಮೊದಲ ವಾರಗಳಲ್ಲಿ ಮುಕ್ಕಾಲು ಗಂಟೆ ಸಾಕು, ನಿಧಾನಕ್ಕೆ ಎರಡು ಗಂಟೆಗೆ ಏರಿಸಿ. ಮರದಿಂದ ಮರಕ್ಕೆ ಮಗುವಿನ ಎದೆಯೆತ್ತರದಲ್ಲಿ ಕೆಂಪು ಬಟ್ಟೆ ಚೂರು ಕಟ್ಟಿ ಗಡಿ ತೋರಿಸಿ, ಮೊದಲ ದಿನ ಎಲ್ಲರೂ ಗಡಿಯ ಸುತ್ತ ನಡೆದು ಬರಲಿ. ಹಸುವಿನ ಗಂಟೆ ಬಾರಿಸಿದರೆ ಟಾರ್ಪಾಲಿಗೆ ಓಡಿಬರುವುದು ಆಟವಾಗಿ ರೂಢಿಯಾಗಲಿ. ತಲೆ ಎಣಿಸುವುದು ಹೊರಡುವಾಗ, ತಲುಪಿದಾಗ, ನೀರು ಕುಡಿಯುವಾಗ, ವಾಪಸ್ ಹೊರಡುವಾಗ. ಎಣಿಸುವವರು ಒಬ್ಬರೇ ಇರಲಿ. ಇಬ್ಬರಾದರೆ ಇವರು ಎಣಿಸಿದ್ದಾರೆ ಅಂತ ಅವರು, ಅವರು ಎಣಿಸಿದ್ದಾರೆ ಅಂತ ಇವರು.

ಚಟುವಟಿಕೆಯ ಪಟ್ಟಿ ಹಿಡಿದು ಹೋದವರಿಗೆ ನಿರಾಸೆಯಾಗುತ್ತದೆ. ಒಂದು ಬೆಳಗ್ಗೆಗೆ ಒಂದೇ ವಿಷಯ ಇಟ್ಟುಕೊಂಡು, ಅದನ್ನೂ ಬಿಟ್ಟುಕೊಡಲು ತಯಾರಿರಬೇಕು. ಎಲೆ ಹೊಂದಿಸುವ ಆಟಕ್ಕೆ ಹೊಂಗೆ ಎಲೆ ಆರಿಸುತ್ತಿದ್ದವರು ಆಲದ ಬುಡದ ಪುಡಿಮಣ್ಣಿನಲ್ಲಿ ಪುಟ್ಟ ಪುಟ್ಟ ಗುಂಡಿ ಕಂಡರು. ಬೆರಳುಗುರಿನಷ್ಟು ಅಗಲ, ಮೇಲೆ ಅಗಲವಾಗಿ ತಳದಲ್ಲಿ ಚೂಪು. ಒಂದು ಇರುವೆ ಅಂಚಿಗೆ ಬಂತು, ಮಣ್ಣು ಜಾರಿತು, ಹತ್ತಲು ಹೋದಷ್ಟೂ ಜಾರಿತು. ತಳದಿಂದ ಯಾರೋ ಮಣ್ಣಿನ ಕಣ ಎರಚಿದಂತಾಯಿತು, ಎರಡು ಕೊಂಡಿ ಮೇಲೆದ್ದು ಇರುವೆಯನ್ನು ಎಳೆದುಕೊಂಡವು. ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ. ಮಣ್ಣಡಿ ಇರುವುದು ಒಂದು ಹುಳುವಿನ ಮರಿ, ರೆಕ್ಕೆ ಬಂದ ಮೇಲೆ ಏರೋಪ್ಲೇನ್ ಚಿಟ್ಟೆಯನ್ನು ಹೋಲುತ್ತದೆ. ಮಳೆ ತಾಗದ ಒಣ ಪುಡಿಮಣ್ಣಿನಲ್ಲೇ ಅದು ಗುಂಡಿ ತೋಡುವುದು, ಹಾಗಾಗಿ ಗುಡಿಯ ಜಗಲಿಯಡಿ, ದಪ್ಪ ಬೇರಿನ ಸಂದಿ ನೋಡಿ. ಆ ಬೆಳಗ್ಗೆ ಹೊಂಗೆ ಎಲೆ ಯಾರಿಗೂ ಬೇಕಾಗಲಿಲ್ಲ, ಟೀಚರ್ ಎಲೆಗಳನ್ನು ಮೊರದಲ್ಲೇ ಬಿಟ್ಟರು. ಸರಿಯಾದದ್ದು ಅದೇ.

ಕರಟದಲ್ಲಿ ರಾಗಿ, ಹೆಸರು ಬಿತ್ತಿಸುವುದು ಸುಲಭ, ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ. ಕರಟದ ತಳಕ್ಕೆ ತೂತು ಹೊಡೆಯದಿದ್ದರೆ ಮಕ್ಕಳು ಪ್ರೀತಿಯಿಂದ ಹಾಕುವ ನೀರಿಗೇ ಕೊಳೆಯುತ್ತದೆ. ಹುಣಸೆ ಬೀಜ ಎಣಿಕೆಗೆ, ಐದೈದರ ಗುಂಪು ಮಾಡಲು ಚೆನ್ನ, ಆದರೆ ನಾಲ್ಕು ವರ್ಷ ದಾಟಿದವರಿಗೆ ಮಾತ್ರ. ಚಿಕ್ಕವರು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ, ಹಾಗಾದರೆ ಕಡ್ಡಿ ಹಾಕಿ ತೆಗೆಯಲು ಹೋಗದೆ ವೈದ್ಯರ ಬಳಿ ಹೋಗಬೇಕು. ಕಡಲೆಬೀಜವೂ ಚಿಕ್ಕವರ ಗಂಟಲಿಗೆ ಅಪಾಯ, ತಿನ್ನಲು ಬಾಳೆಹಣ್ಣೇ ಸಾಕು.

ದಿನಕ್ಕೆ ಇಬ್ಬರು ಮಕ್ಕಳ ಬಗ್ಗೆ ಎರಡೆರಡು ಸಾಲು ಬರೆದಿಡಿ, ಎಲ್ಲರ ಬಗ್ಗೆ ದಿನಾ ಬರೆಯಲು ಹೋದರೆ ಮೂರನೇ ವಾರಕ್ಕೆ ಪುಸ್ತಕ ಖಾಲಿ ಬೀಳುತ್ತದೆ. ‘ಚೆನ್ನಾಗಿ ಆಡಿದಳು’ ಅಂತಲ್ಲ, ‘ಉದ್ದ ಕಡ್ಡಿ, ಗಿಡ್ಡ ಕಡ್ಡಿ ಅಂತ ತಾನೇ ಎರಡು ಗುಡ್ಡೆ ಮಾಡಿದಳು’ ಅಂತ. ಮೇಲ್ವಿಚಾರಕಿ ಭೇಟಿಗೆ ಬಂದಾಗ ಕೇಳುವುದು ಇದನ್ನೇ, ಅಪ್ಪಂದಿರು ಓದುವುದೂ ಇದನ್ನೇ.

ಹುಣಸೆ ಹರಾಜು

ಫೆಬ್ರುವರಿಯಲ್ಲಿ ಎಲ್ಲ ಹಳಿಗೆ ಬಂತು ಅಂದುಕೊಳ್ಳುವ ಹೊತ್ತಿಗೆ ಒಂದು ಗುರುವಾರ ತೋಪಿನ ತುಂಬ ಗಳ ಹಿಡಿದ ಜನ. ಹುಣಸೆ ಮರಗಳ ಫಸಲನ್ನು ಹರಾಜು ಹಿಡಿದವರು ಕಾಯಿ ಬಡಿಯಲು ಬಂದಿದ್ದರು. ಹರಾಜಿಗೂ ನಮ್ಮ ನಿರ್ಣಯಕ್ಕೂ ಪಂಚಾಯಿತಿಯ ಕಡತದಲ್ಲಿ ಸಂಬಂಧವೇ ಇರಲಿಲ್ಲ. ಅವರ ತಪ್ಪೇನೂ ಇಲ್ಲ, ದುಡ್ಡು ಕಟ್ಟಿದ್ದಾರೆ. ಮರ ಬಡಿಯುವಾಗ ಕಾಯಿ ಜೊತೆ ಒಣಕೊಂಬೆಯೂ ಬೀಳುತ್ತದೆ, ಬೇರೆ ಮೂಲೆಯಲ್ಲಿ ಕೂರುತ್ತೇವೆ ಅನ್ನುವಂತಿಲ್ಲ. ಬಡಿತ ಮುಗಿಯುವವರೆಗೆ ಪಕ್ಕದ ತೆಂಗಿನ ತೋಟದ ಅಂಚಿನಲ್ಲಿ ಕೂತೆವು. ಕಾಯಿ ಇರುವ ತೆಂಗಿನ ಮರದ ನೇರ ಕೆಳಗೆ ಕೂರಬಾರದು ಅನ್ನುವುದನ್ನು ಬಯಲುಸೀಮೆಯವರಿಗೆ ಹೇಳಬೇಕಿಲ್ಲ, ಆದರೂ ಪಾಳಿಗೆ ಬರುವ ಹೊಸ ತಾಯಂದಿರಿಗೆ ಹೇಳಿ.

ಮಾರ್ಚ್ ನಡುವಿನಿಂದ ಹತ್ತೂವರೆಯೊಳಗೆ ವಾಪಸಾಗಬೇಕು. ಮಗುವಿಗೆ ಅರ್ಧ ಲೀಟರ್ ಕುಡಿಯುವ ನೀರು, ತಲೆಗೆ ಬಟ್ಟೆ. ಮಗು ಸಪ್ಪಗಾಗಿ, ಮುಖ ಕೆಂಪಾಗಿ, ಆಟ ಬಿಟ್ಟು ಕೂತರೆ ಕಾಯಬೇಡಿ, ನೆರಳಲ್ಲಿ ಮಲಗಿಸಿ ಮೈ ಒರೆಸಿ ನೀರು ಕೊಡಿ. ಏಪ್ರಿಲ್ ಮೇ ಗುಡುಗಿನ ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ, ಆದರೂ ಗುಡುಗು ಕೇಳಿದರೆ ಮರದಡಿ ನಿಲ್ಲದೆ ಕೇಂದ್ರಕ್ಕೆ ಹೊರಡಿ. ಹೋದ ಬೇಸಿಗೆ ಮಳೆಗೆ ಮುರಿದ ಬೇವಿನ ಕೊಂಬೆಯನ್ನು ಕಡಿಸದೆ ಬಿಟ್ಟಿದ್ದೇವೆ, ಈಗ ಅದು ಮಕ್ಕಳ ಬಸ್ಸು.

ಪಂಚಾಯಿತಿ ನಿರ್ಣಯ ಒಂದು ವರ್ಷಕ್ಕೆ ಮಾತ್ರ. ನವೀಕರಣದ ಅರ್ಜಿಯನ್ನು ಜೂನ್‌ವರೆಗೆ ಕಾಯದೆ ಈಗಲೇ ಕೊಟ್ಟಿದ್ದೇವೆ, ಹೊಸ ಮಕ್ಕಳ ಪಟ್ಟಿಯನ್ನು ದಾಖಲಾತಿ ಮುಗಿದ ಮೇಲೆ ಸೇರಿಸಬಹುದು ಅಂದಿದ್ದಾರೆ. ಜೊತೆಗೆ ಇನ್ನೊಂದು ಮನವಿ: ಮುಂದಿನ ಹುಣಸೆ ಹರಾಜಿನ ಷರತ್ತಿನಲ್ಲೇ ಸೋಮವಾರ, ಗುರುವಾರ ಮಧ್ಯಾಹ್ನದವರೆಗೆ ಮರ ಬಡಿಯಬಾರದು ಅಂತ ಸೇರಿಸಬೇಕು. ಇಂಥ ಮನವಿಯನ್ನು ಹರಾಜು ಪ್ರಕಟಣೆಗೆ ಮೊದಲೇ ಕೊಡಬೇಕು, ಕೂಗು ಮುಗಿದ ಮೇಲೆ ಷರತ್ತು ಸೇರಿಸಲು ಬರುವುದಿಲ್ಲ. ನಿಮ್ಮ ತೋಪಿನಲ್ಲಿ ಹುಣಸೆ ಇದ್ದರೆ ಪಿಡಿಒ ಬಳಿ ಹರಾಜಿನ ತಿಂಗಳು ಯಾವುದು ಅಂತ ಕೇಳಿಕೊಂಡು, ಅದಕ್ಕೆ ಒಂದು ತಿಂಗಳು ಮುಂಚೆ ಸೀಲು ಹಾಕಿಸಿಕೊಂಡು ಬನ್ನಿ.